ಅರಣ್ಯಭೂಮಿಯ ಹಕ್ಕಿಗೆ ಅರ್ಜಿ ಬರೆಯುವಾಗ

ಯಲ್ಲಾಪುರ, ಹಳಿಯಾಳದ ಸಿದ್ದಿಗಳು, ಜೋಯಿಡಾದ ಕುಣಬಿಗಳು, ಅಂಕೋಲೆ-ಕುಮಟೆಯ ಹಾಲಕ್ಕಿಗಳು ತಲೆತಲಾಂತರದಿಂದ ಉಳುತ್ತಿರುವ ನೆಲವನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ‘ಅತಿಕ್ರಮಣ’ವೆಂದೇ ಕರೆಯುತ್ತಾರೆ, ಉಳುವವರ ಬಾಯಲ್ಲೂ ಅದೇ ಮಾತು. ಅರ್ಜಿ ಬರೆಯಲು ಕೂತಾಗ ಮೊದಲು ಕೈಬಿಡಬೇಕಾದದ್ದು ಈ ಪದವನ್ನೇ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ನೀವು ಹೊಸ ಜಾಗ ಬೇಡುತ್ತಿಲ್ಲ, ಇದ್ದ ಹಕ್ಕನ್ನು ದಾಖಲಿಸಿಕೊಡಿ ಎನ್ನುತ್ತಿದ್ದೀರಿ.

ಬಳಿಕ ನಿಮ್ಮ ವರ್ಗವನ್ನು ಖಚಿತಪಡಿಸಿಕೊಳ್ಳಿ. ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿರುವುದರಿಂದ, 2005ರ ಡಿಸೆಂಬರ್ 13ಕ್ಕೆ ಮೊದಲೇ ಜಾಗ ತಮ್ಮ ಸ್ವಾಧೀನದಲ್ಲಿತ್ತೆಂದು ತೋರಿಸಿದರೆ ಸಾಕು. ಆ ಪಟ್ಟಿಯಲ್ಲಿಲ್ಲದ ಹಾಲಕ್ಕಿ, ಕುಣಬಿಗಳು ಇದರ ಜೊತೆಗೆ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನೂ ತೋರಿಸಬೇಕು. ಒಂದೇ ಕಾಡಿನ ನೆರೆಹೊರೆಯವರಿಗೆ ಎರಡು ಅಳತೆಗೋಲು! ಆದರೂ ಕಾಯ್ದೆ ಕೇಳುವುದು ಅಷ್ಟು ವರ್ಷಗಳ ವಾಸ ಮತ್ತು ಕಾಡಿನ ಅವಲಂಬನೆಯನ್ನೇ ಹೊರತು ಅದೇ ಗದ್ದೆಯನ್ನು 75 ವರ್ಷ ಉತ್ತ ದಾಖಲೆಯನ್ನಲ್ಲ.

ಹೆಚ್ಚಿನವರು ಎಡವುವುದು ಸಾಕ್ಷ್ಯದಲ್ಲಿ. ಹಳೆಯ ಪಹಣಿಯಿಲ್ಲ, ಅರಣ್ಯ ಇಲಾಖೆ ಹಾಕಿದ ದಂಡದ ರಸೀದಿಯಿಲ್ಲ ಎಂದು ಅರ್ಜಿಯನ್ನೇ ಹಾಕದೆ ಕೂರುವವರಿದ್ದಾರೆ. ಆದರೆ ಈ ಕಾಯ್ದೆಯ ನಿಯಮಾವಳಿಯ ನಿಯಮ 13 ಮನೆ, ಬಾವಿ, ಕಟ್ಟೆ, ಸಮಾಧಿ, ಪೂಜಾಸ್ಥಳದಂಥ ಕಣ್ಣಿಗೆ ಕಾಣುವ ಗುರುತುಗಳನ್ನೂ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತದೆ. ಒಂದಕ್ಕಿಂತ ಹೆಚ್ಚು ಬಗೆಯವು ಇರಲಿ. ಹಿರಿಯರ ಹೇಳಿಕೆಯಲ್ಲಿ ‘ಬಹಳ ಹಿಂದಿನಿಂದ’ ಎಂಬ ತೇಲುಮಾತು ಬೇಡ. ಆ ತೋಟದ ಮಾವನ್ನು ನೆಟ್ಟವರು ಯಾರು, ಬಾವಿ ತೋಡಿದಾಗ ತಮಗೆಷ್ಟು ವಯಸ್ಸು ಎಂಬಂಥ ವಿವರ ಬರೆಸಿ. ಉಪಗ್ರಹ ಚಿತ್ರದಲ್ಲಿ ಕಾಣುತ್ತಿಲ್ಲವೆಂದು ಅಧಿಕಾರಿಗಳು ಹೇಳಿದರೆ, ಅದು ಉಳಿದ ಸಾಕ್ಷ್ಯಕ್ಕೆ ಪೂರಕವೇ ಹೊರತು ಬದಲಿಯಲ್ಲ ಎಂಬ ನಿಯಮವನ್ನು ನೆನಪಿಸಿ.

ವೈಯಕ್ತಿಕ ಹಕ್ಕಿನ ಮಿತಿ 4 ಹೆಕ್ಟೇರ್. ಜೇನು, ಉಪ್ಪಾಗೆ ಹಣ್ಣು, ಸೊಪ್ಪು ತರುವ ಬೆಟ್ಟಕ್ಕೆ ಊರವರೆಲ್ಲ ಸೇರಿ ಸಮುದಾಯ ಹಕ್ಕಿನ ಅರ್ಜಿಯನ್ನು ಬೇರೆಯಾಗಿ ಹಾಕಬೇಕು. ನಮ್ಮಲ್ಲಿ ಇದನ್ನು ಮರೆಯುವವರೇ ಹೆಚ್ಚು. ಅರ್ಜಿಯನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಸ್ಥಳ ಪರಿಶೀಲನೆಯ ದಿನ ಖುದ್ದಾಗಿ ಹಾಜರಿರಿ.

ಗ್ರಾಮಸಭೆಯ ನಿರ್ಣಯ ನಿಮಗೆ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಉಪವಿಭಾಗ ಸಮಿತಿಗೂ, ಅದರ ತೀರ್ಮಾನದ ವಿರುದ್ಧ ಮತ್ತೆ 60 ದಿನಗಳೊಳಗೆ ಕಾರವಾರದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೂ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಕಾರಣವನ್ನು ಬರಹದಲ್ಲೇ ಕೇಳಿ. ಪರಿಶೀಲನೆ ಪೂರ್ಣಗೊಳ್ಳುವವರೆಗೆ ಒಕ್ಕಲೆಬ್ಬಿಸುವಂತಿಲ್ಲವೆಂದು ಕಲಂ 4(5) ಹೇಳುವುದರಿಂದ, ಯಾರಾದರೂ ಬೇಲಿ ಕೀಳಲು ಬಂದರೆ ತೋರಿಸಲು ಆ ಸ್ವೀಕೃತಿಯ ಒಂದು ಪ್ರತಿ ಮನೆಯಲ್ಲಿರಲಿ.