.223ಯಲ್ಲಿ 40 ಗ್ರೇನ್: ಯಾರೂ ಒಪ್ಪದ ಜೋಡಿ ಕೊನೆಗೂ ಕೈಹಿಡಿಯಿತು

ಪ್ರೇರಿ ಡಾಗ್ (ಅಮೆರಿಕದ ಹುಲ್ಲುಬಯಲಿನಲ್ಲಿ ಬಿಲ ತೋಡುವ ಅಳಿಲಿನ ಜಾತಿಯ ಪ್ರಾಣಿ) ಬೇಟೆಗೆ .22-250 ರೆಮಿಂಗ್ಟನ್ ರೈಫಲ್ ತೋಟಾವೇ ಬೇಕು ಅನ್ನುವವರ ವಾದ ಪೊಳ್ಳೇನಲ್ಲ. ಅದು 55 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ತೂಕದ ಗುಂಡನ್ನು ಸೆಕೆಂಡಿಗೆ 3,680 ಅಡಿ ವೇಗದಲ್ಲಿ ಎಸೆಯುತ್ತದೆ; ಅದಕ್ಕಿಂತ ಚಿಕ್ಕ ತೋಟಾ .223 ಅದೇ ಗುಂಡಿಗೆ 3,240 ಕೊಡುತ್ತದೆ. ಆದರೆ ಒಂದೇ ದಿನ ಇನ್ನೂರು ಗುಂಡು ಹಾರಿಸುವ ಬೇಟೆಯಲ್ಲಿ ವೇಗ ನಾಲ್ಕನೆಯ ಲೆಕ್ಕ. ಬ್ಯಾರೆಲ್ ಎಷ್ಟು ಬೇಗ ಕಾಯುತ್ತದೆ, ಗುಂಡು ಬಿದ್ದದ್ದು ಸ್ಕೋಪಿನಲ್ಲೇ ಕಾಣುತ್ತದೆಯೇ, ಮದ್ದಿಗೆ ಎಷ್ಟು ಖರ್ಚು, ಇವು ಮೊದಲ ಮೂರು. ಈ ಮೂರನ್ನೂ ಇಟ್ಟುಕೊಂಡು ತೂಗಿದಾಗ ನನಗೆ ಉಳಿದದ್ದು .223, ಒಳಗಿನ ತಿರುಚು ಗೆರೆಗಳು (ರೈಫ್ಲಿಂಗ್) 12 ಇಂಚಿಗೆ ಒಂದು ಸುತ್ತು ಬರುವ ದಪ್ಪ ಬ್ಯಾರೆಲ್, 40 ಗ್ರೇನ್ ಪ್ಲಾಸ್ಟಿಕ್ ಮೊನೆಯ ಗುಂಡು. ವೇಗ 3,600ರ ಆಸುಪಾಸು.

ದುಡ್ಡಿನ ಮಾತು ಮೊದಲು. ತೋಟಾ ನಾನೇ ತುಂಬಿಕೊಳ್ಳುತ್ತೇನೆ. ಒಂದು ಪೌಂಡ್ ಮದ್ದೆಂದರೆ 7,000 ಗ್ರೇನ್. .22-250 ಒಂದು ತೋಟಾಕ್ಕೆ ಸುಮಾರು 37 ನುಂಗುತ್ತದೆ, ಅಂದರೆ ಪೌಂಡಿಗೆ 190 ಗುಂಡು. .223ಗೆ 27 ಸಾಕು, 260 ಗುಂಡು. ಮದ್ದಿಗಿಂತ ದೊಡ್ಡ ಖರ್ಚು ಬ್ಯಾರೆಲ್ಲಿನದು. ಬಿಡುವು ಕೊಡದೆ ಹಾರಿಸಿದರೆ .22-250ಯ ಥ್ರೋಟ್ (ಬ್ಯಾರೆಲ್ಲಿನಲ್ಲಿ ರೈಫ್ಲಿಂಗ್ ಶುರುವಾಗುವ ಜಾಗ) ಎರಡು ಸಾವಿರ ಗುಂಡಿನ ಹೊತ್ತಿಗೆ ಸುಟ್ಟು ಬಿರುಕುಬಿಡಲು ಶುರು. .223 ಅದರ ಎರಡು ಪಟ್ಟು ಆರಾಮಾಗಿ ಬಾಳುತ್ತದೆ.

ಇನ್ನು ಹಿಂದೊದೆತ. 40 ಗ್ರೇನಿನಲ್ಲಿ ಅದು ಎಷ್ಟು ಹಗುರವೆಂದರೆ 200 ಗಜದಲ್ಲಿ ಗುಂಡು ಬಿದ್ದು ಎದ್ದ ಧೂಳು ಸ್ಕೋಪಿನಿಂದ ಆಚೆ ಹೋಗುವುದೇ ಇಲ್ಲ. ಎಡಕ್ಕೆ ಎಷ್ಟು ಬಿತ್ತೆಂದು ಕಣ್ಣಾರೆ ಕಂಡು ಮುಂದಿನದನ್ನು ತಿದ್ದಿಕೊಳ್ಳಬಹುದು. ಪಕ್ಕದಲ್ಲಿ ಕೂತು ನೋಡಿ ಹೇಳುವವರ ಹಂಗಿಲ್ಲ.

ಕೈ ಸುಟ್ಟದ್ದು ಮೂರು ಕಡೆ. ಒಂದು, ಕಡಿಮೆ ವೇಗದ .22 ಹಾರ್ನೆಟ್ ತೋಟಾಕ್ಕೆಂದೇ ಮಾಡಿದ ತೆಳು ಹೊದಿಕೆಯ ಗುಂಡನ್ನು 7 ಇಂಚಿನ ಸುತ್ತಿನ ಬ್ಯಾರೆಲ್ಲಿನಲ್ಲಿ ಹಾರಿಸಿದ್ದು. ವೇಗವನ್ನು 720ರಿಂದ ಗುಣಿಸಿ ಸುತ್ತಿನ ಇಂಚಿನಿಂದ ಭಾಗಿಸಿ ನೋಡಿ: 3,600 ಅಡಿಗೆ ನಿಮಿಷಕ್ಕೆ 3,70,000 ಸುತ್ತು. ಹೊದಿಕೆ ತಡೆಯಲಿಲ್ಲ, ಗುಂಡು ಗುರಿಹಲಗೆ ತಲುಪದೆ ದಾರಿಯಲ್ಲೇ ಬೂದು ಹೊಗೆಯಾಯಿತು. ಅದೇ ವೇಗಕ್ಕೆ 12 ಇಂಚಿನಲ್ಲಿ 2,16,000 ಮಾತ್ರ, ಅಲ್ಲಿ ಒಂದೂ ಒಡೆದಿಲ್ಲ.

ಎರಡನೆಯದು ಗುಂಡು ಕೂರಿಸುವ ಆಳ. 40 ಗ್ರೇನ್ ಗುಂಡು ಗಿಡ್ಡ. ರೈಫ್ಲಿಂಗಿಗೆ ಮುಟ್ಟಿಸಲು ಹೊರಗೆಳೆದರೆ ಕೇಸಿನ (ತೋಟಾದ ಹಿತ್ತಾಳೆ ಕೋಶ) ಕುತ್ತಿಗೆಯಲ್ಲಿ ಹಿಡಿತವೇ ಉಳಿಯದು. ಗುಂಡಿನ ಅಡ್ಡಳತೆಯಷ್ಟಾದರೂ, ಅಂದರೆ .224 ಇಂಚು, ಕುತ್ತಿಗೆಯೊಳಗಿರಲಿ. ರೈಫ್ಲಿಂಗ್‌ವರೆಗಿನ ಜಿಗಿತಕ್ಕೆ ಹೆದರಬೇಡಿ. ನಾನು ಒಳಕ್ಕೆ ತಳ್ಳುತ್ತಾ ಹೋದೆ, ಒಂದು ಆಳದಲ್ಲಿ ಗುಂಪು (ಗುರಿಹಲಗೆಯ ಮೇಲೆ ತೂತುಗಳ ಹರವು) ಫಕ್ಕನೆ ಕೂಡಿಕೊಂಡಿತು: ಹತ್ತು ಗುಂಡು, 100 ಗಜ, ಮುಕ್ಕಾಲು ಇಂಚಿನೊಳಗೆ. ಆ ಆಳವನ್ನು ಇಲ್ಲಿ ಹೇಳುವುದಿಲ್ಲ, ನಿಮ್ಮ ಥ್ರೋಟ್ ಬೇರೆ. ಕುತ್ತಿಗೆ ಹದಮಾಡುವ ಕ್ರಮವೂ ನನ್ನಲ್ಲೇ ಇರಲಿ.

ಮೂರನೆಯದು ಅಗ್ಗದ ಸೇನಾ ಕೇಸು. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಕೂರುವ ಗುಂಡಿಯ ಸುತ್ತ ಒತ್ತಿದ ಅಂಚನ್ನು ತೆಗೆಯದೆ ಹೊಸ ಪ್ರೈಮರ್ ತಳ್ಳಿದರೆ ಅದು ಓರೆಯಾಗಿ ನುಜ್ಜಾಗುತ್ತದೆ. ಗೋಡೆ ದಪ್ಪವಾದ ಕೇಸುಗಳೂ ಅದರಲ್ಲಿ ಬೆರೆತಿರುತ್ತವೆ. ಒಳಜಾಗ ಕಡಿಮೆ, ಅದೇ ಮದ್ದಿಗೆ ಒತ್ತಡ ಏರುತ್ತದೆ. ಬೋಲ್ಟ್ (ಬ್ಯಾರೆಲ್ಲಿನ ಹಿಂಬದಿ ಮುಚ್ಚುವ ಭಾಗ) ಎತ್ತಲು ಬಿಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಕೇಸುಗಳನ್ನು ತೂಗಿ ಬೇರೆ ಮಾಡಿ.

ನಡುವೆ ಇನ್ನೂ ಸಣ್ಣ ಬೋರುಗಳ (ಬ್ಯಾರೆಲ್ಲಿನ ಒಳ ಅಡ್ಡಳತೆ) ಕಡೆಗೂ ಹೋಗಿ ಬಂದೆ. .17 ರೆಮಿಂಗ್ಟನ್ 25 ಗ್ರೇನನ್ನು 4,000 ಅಡಿ ದಾಟಿಸುತ್ತದೆ, ಆದರೆ ಇಪ್ಪತ್ತೈದು ಗುಂಡಿಗೆಲ್ಲ ತಾಮ್ರ ಮೆತ್ತಿ ಗುಂಪು ಅಗಲವಾಗುತ್ತದೆ. ಅದನ್ನು ಒರೆಸಲು ಬೇರೆಯೇ ತೆಳು ಸಲಾಕೆ, ಅದೂ ಬಾಗುತ್ತದೆ. .17 ಎಚ್‌ಎಂಆರ್ 100 ಗಜಕ್ಕೆ ಮುದ್ದಾದ ತೋಟಾ; ಅಲ್ಲಿಗೆ ಸೊನ್ನೆ ಮಾಡಿದರೆ (ಸ್ಕೋಪಿನ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗುವಂತೆ ಹೊಂದಿಸಿದರೆ) 200ರಲ್ಲಿ ಎಂಟೂವರೆ ಇಂಚು ಕೆಳಗೆ, ಗಾಳಿ ಎದ್ದರೆ ಎಲ್ಲೋ. ನನ್ನನ್ನು ನಿಜಕ್ಕೂ ಅಲುಗಾಡಿಸಿದ್ದು .204 ರುಗರ್. 2004ರಲ್ಲಿ ಬಂದ ಈ ತೋಟಾದ 32 ಗ್ರೇನ್ ಗುಂಡಿನ ದಾರಿ ದಾರ ಕಟ್ಟಿದ ಹಾಗೆ ನೇರ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಲಿ, ತಕರಾರಿಲ್ಲ. ಮನೆಯಲ್ಲಿ .22 ಬೋರಿನ ಸಾಮಾನು, ಕೇಸು ರಾಶಿ ಇರುವವರು ಬದಲಿಸುವಷ್ಟು ಲಾಭ ಅದರಲ್ಲಿಲ್ಲ.

ನನ್ನ .223ಯ ಸೊನ್ನೆ 200 ಗಜಕ್ಕೆ. 100ರಲ್ಲಿ ಒಂದು ಇಂಚು ಮೇಲೆ, 300ರಲ್ಲಿ ಐದೂವರೆ, ಆರು ಇಂಚು ಕೆಳಗೆ. 225ರವರೆಗೆ ನಡುವಿಗೇ ಹಿಡಿದು ಹೊಡೆಯಬಹುದು. ಐದು ಗುಂಡು ಹಾರಿಸಿ ಬೋಲ್ಟ್ ತೆರೆದಿಡಿ. ಬ್ಯಾರೆಲ್ ಮೇಲಿನ ಬಿಸಿಗಾಳಿ ಸ್ಕೋಪಿನ ಚಿತ್ರವನ್ನು ಕುಣಿಸತೊಡಗಿದರೆ ಇನ್ನೂ ಕಾಯಬೇಕು. ಗಾಳಿ ಗಂಟೆಗೆ 10 ಮೈಲಿ ಅಡ್ಡ ಬೀಸಿದರೆ 300 ಗಜದಲ್ಲಿ ಈ ಗುಂಡು ಒಂದಡಿಗೂ ಮೀರಿ ಸರಿಯುತ್ತದೆ, .22-250ಯ 55 ಗ್ರೇನ್ ಅದಕ್ಕಿಂತ ಮೂರ್ನಾಲ್ಕು ಇಂಚು ಕಡಿಮೆ. ಅಂಥ ದಿನ ನಾನು 250ರಾಚೆ ಹೊಡೆಯುವುದಿಲ್ಲ.