ಹಳೆ ಹಾಸಿಗೆಯ ಹತ್ತಿಯಿಂದ ಸದ್ದು ಹೀರುವ ಚಾವಣಿ

ಟೈಲ್ಸ್ ನೆಲ, ಬೋಳು ಗೋಡೆ, ಆರ್‌ಸಿಸಿ ಚಾವಣಿ ಇರುವ ಕೋಣೆಯಲ್ಲಿ ಮಾತು ಗುಂಯ್‌ಗುಡುತ್ತದೆ. ಬಹಳ ಮಂದಿ ಥರ್ಮಾಕೋಲ್ ಅಂಟಿಸಿ ಕೂರುತ್ತಾರೆ. ಗಾಳಿ ಒಳಗೆ ಹೋಗದ ವಸ್ತು ಸದ್ದನ್ನೂ ಹೀರುವುದಿಲ್ಲ. ಸಾಲದ್ದಕ್ಕೆ ಥರ್ಮಾಕೋಲ್ ಬೇಗ ಬೆಂಕಿ ಹಿಡಿಯುತ್ತದೆ. ಅಟ್ಟ ಸೇರಿರುವ ಹಳೆ ಹಾಸಿಗೆಯ ಹತ್ತಿ ಎಷ್ಟೋ ವಾಸಿ. ಆದರೆ ಮೇಲಿನ ಮಹಡಿಯವರ ಹೆಜ್ಜೆ ಸದ್ದು ಇದರಿಂದ ನಿಲ್ಲದು, ಕೋಣೆಯೊಳಗಿನ ಮಾರ್ದನಿಯಷ್ಟೇ ತಗ್ಗುತ್ತದೆ.

10x12 ಅಡಿ ಕೋಣೆಗೆ 2x4 ಅಡಿಯ ನಾಲ್ಕು ಪ್ಯಾನೆಲ್ ಮಾಡಿ. ಒಂದೊಂದಕ್ಕೆ ಸುಮಾರು 2 ಕಿಲೋ ಹತ್ತಿ ಬೇಕು. ಪ್ಯಾಕಿಂಗ್ ಪೆಟ್ಟಿಗೆಯ ರೀಪುಗಳಿಂದ 2 ಇಂಚು ಆಳದ ಚೌಕಟ್ಟು ಕಟ್ಟಿ, ಮೂಲೆಗಳಿಗೆ ಸ್ಕ್ರೂ ಹಾಕಿ.

ಕೆಲಸ ಕೆಡುವುದು ಹತ್ತಿಯ ಹಂತದಲ್ಲಿ. ಹತ್ತಿಯನ್ನು ಹಾಗೇ ತುಂಬಿ ತಲೆಯ ಮೇಲೆ ತೂಗುಹಾಕಿದರೆ ಒಂದು ಕಿಡಿ ಸಾಕು. 20 ಲೀಟರ್ ಬಿಸಿನೀರಿಗೆ 2 ಕಿಲೋ ಬಿಳಿಗಾರ (ಬೊರಾಕ್ಸ್), 850 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ. ಬಿಳಿಗಾರ ಉರಿಯನ್ನು ತಡೆಯುತ್ತದೆ, ಒಳಗೊಳಗೇ ಹೊಗೆಯಾಡುವುದನ್ನು ತಡೆಯುವುದು ಬೋರಿಕ್. ಖರ್ಚು ಉಳಿಸಲೆಂದು ಎರಡರಲ್ಲಿ ಯಾವುದನ್ನೂ ಬಿಡಬೇಡಿ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ಹತ್ತಿಯನ್ನು ಬಿಡಿಸಿ ಅದ್ದಿ, ಹಿಂಡಿ, ಗರಿಗರಿಯಾಗುವವರೆಗೆ ಬಿಸಿಲಿಗೆ ಹಾಕಿ. ಹಿಂಜಿಸುವುದು ಆಮೇಲೆ. ಮೊದಲೇ ಹಿಂಜಿಸಿ ಅದ್ದಿದರೆ ಮತ್ತೆ ಗಂಟುಗಂಟಾಗುತ್ತದೆ. ಹಿಂಜುವವರಿಗೆ ಮಾಸ್ಕ್ ಕೊಡಿ, ಪುಡಿ ಹಾರುತ್ತದೆ. ಆಮೇಲೆ ಚಿಟಿಕೆ ಹತ್ತಿಯನ್ನು ಅಂಗಳದಲ್ಲಿ ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ. ಕಡ್ಡಿ ತೆಗೆದೊಡನೆ ಕರಕಲಾಗಿ ಆರಿದರೆ ಸರಿ. ಕೆಂಡ ಹರಿಯುತ್ತಿದ್ದರೆ ಇನ್ನೊಮ್ಮೆ ಅದ್ದಬೇಕು. ಪಾಲಿಯೆಸ್ಟರ್ ಬೆರೆತ ದಿಂಬಿನ ತುಂಬುವಿಕೆಗೆ ಈ ಉಪಾಯ ನಡೆಯದು, ಅದನ್ನು ಸೇರಿಸಬೇಡಿ.

ಇದೇ ನೀರಿನಲ್ಲಿ ಅದ್ದಿ ಒಣಗಿಸಿದ ಎರಡು ಹಳೆ ಪಂಚೆಗಳ ನಡುವೆ ಹತ್ತಿ ಹರಡಿ, 6 ಇಂಚಿಗೊಂದರಂತೆ ಹೊಲಿಗೆ ಹಾಕಿ. ಇಲ್ಲವಾದರೆ ಹತ್ತಿ ಒಂದೆಡೆ ಸರಿದು ಹೊಟ್ಟೆ ಬಿಡುತ್ತದೆ. ಅದನ್ನು ಚೌಕಟ್ಟಿನೊಳಗೆ ಕೂರಿಸಿ, ಒತ್ತಿ ತುಂಬಬೇಡಿ. ಕೆಳಗೆ ಕಾಣುವ ಬಟ್ಟೆ ಖಾದಿಯೇ ಆಗಲಿ, ಅದಕ್ಕೂ ಅದೇ ಅದ್ದು. ಬಾಯಿಂದ ಊದಿದರೆ ಗಾಳಿ ಆಚೆ ಹೋಗಬೇಕು. ರೆಕ್ಸಿನ್, ಹಳೆ ಫ್ಲೆಕ್ಸ್ ಬ್ಯಾನರ್ ಸುತರಾಂ ಬೇಡ. ಹಿಂಬದಿಗೆ ಪ್ಲೈವುಡ್ ಹೊಡೆಯಬೇಡಿ.

ಚಾವಣಿ ಒಸರುತ್ತಿದ್ದರೆ ಅದನ್ನು ಮೊದಲು ಸರಿಪಡಿಸಿ. ನಾಲ್ಕೂ ಮೂಲೆಗೆ ಆಂಕರ್ ಫಾಸ್ಟನರ್ (ಕಾಂಕ್ರೀಟ್‌ನಲ್ಲಿ ಬಿಗಿಯುವ ಬೋಲ್ಟ್), ಕೊಕ್ಕೆ, ತಂತಿ. ಡಬಲ್ ಟೇಪ್ ನಂಬಿ ಯಾರ ತಲೆಯ ಮೇಲೂ ಹಾಕಬೇಡಿ. ಡ್ರಿಲ್ ಮಾಡುವ ಮುನ್ನ ವೈರಿಂಗ್ ಪೈಪ್ ಹೋಗಿರುವ ದಾರಿ ಗೊತ್ತಿರಲಿ. ಚಾವಣಿಗೂ ಪ್ಯಾನೆಲ್‌ಗೂ ನಡುವೆ 2 ಇಂಚು ಗಾಳಿ ಬಿಟ್ಟರೆ ದಪ್ಪ ದನಿಯೂ ತಗ್ಗುತ್ತದೆ. ಹಳೆ ಬಾಟಲಿಗಳಿಂದ ಮಾಡಿದ 9 ಮಿ.ಮೀ. ಪೆಟ್ ಫೆಲ್ಟ್ ಹಲಗೆ ಕೊಳ್ಳುವವರೂ ಇದನ್ನೇ ಮರೆತು ಚಾವಣಿಗೆ ಬಿಗಿಯಾಗಿ ಅಂಟಿಸಿ, ಉಪಯೋಗವಿಲ್ಲ ಎಂದು ದೂರುತ್ತಾರೆ.

ಫ್ಯಾನ್, ದೀಪಗಳಿಂದ ಒಂದಡಿಯಾದರೂ ದೂರವಿರಲಿ. ಧೂಳನ್ನು ವ್ಯಾಕ್ಯೂಮ್‌ನಿಂದಲೇ ತೆಗೆಯಿರಿ, ಒದ್ದೆ ಮಾಡಿದರೆ ಬಿಳಿಗಾರ ತೊಳೆದುಹೋಗುತ್ತದೆ. ಬಣ್ಣ ಬಳಿದರಂತೂ ಬಟ್ಟೆಯ ರಂಧ್ರ ಮುಚ್ಚಿ ಗುಂಯ್‌ಗುಡುವುದು ಮತ್ತೆ ಶುರುವಾಗುತ್ತದೆ.