ಕಿಸ್1 ಪಾಠಕ್ಕೆ ಒಂದು ಕಾಗದದ ಪಟ್ಟಿ

ಪಿಯುಸಿ ಪುಸ್ತಕದಲ್ಲಿ ಕ್ಯಾನ್ಸರ್ ಹರಡುವ ವಿಷಯ ಒಂದೆರಡು ವಾಕ್ಯದಲ್ಲಿ ಮುಗಿಯುತ್ತದೆ. ಗಡ್ಡೆಯಿಂದ ಕಳಚಿದ ಜೀವಕೋಶ ರಕ್ತದಲ್ಲಿ ಸಾಗಿ, ನಿಂತಲ್ಲೆಲ್ಲ ಹೊಸ ಗಡ್ಡೆ ಕಟ್ಟುತ್ತದೆ, ಅಷ್ಟೇ. ತಲುಪುವುದೂ ಬೆಳೆಯುವುದೂ ಒಂದೇ ಎಂದು ಮಕ್ಕಳು ನಂಬಿಬಿಡುತ್ತಾರೆ. ಗೋಣಿಕೊಪ್ಪದ ಕಡೆ ಜೀವಶಾಸ್ತ್ರ ಹೇಳಿಕೊಡುವ ನಾನು ಇದನ್ನು ಬಿಡಿಸಿ ಹೇಳಲು, ಕ್ಯಾನ್ಸರ್ ಹರಡುವುದನ್ನು ತಡೆಯುವ ಕಿಸ್1 ಜೀನನ್ನು ಹಿಡಿದುಕೊಂಡೆ.

ಹೆಸರು ಕೇಳಿ ಹಿಂದಿನ ಬೆಂಚು ನಕ್ಕಿತು. ನಗಲಿ ಬಿಡಿ, ಮರೆಯುವುದಿಲ್ಲವಲ್ಲ! 1996ರಲ್ಲಿ ಇದು ಸಿಕ್ಕಿದ್ದು ಅಮೆರಿಕದ ಹರ್ಷಿ ಎಂಬ ಊರಲ್ಲಿ. ಅಲ್ಲಿನ ಕಿಸಸ್ ಚಾಕೊಲೇಟ್ ಹೆಸರನ್ನೇ ಇಟ್ಟರು. ಸಂಶೋಧಕ ಡ್ಯಾನಿ ವೆಲ್ಚ್ ಅವರ ತಂಡ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಜೀವಕೋಶಕ್ಕೆ ಮನುಷ್ಯರ 6ನೇ ಕ್ರೋಮೋಸೋಮ್ ಸೇರಿಸಿತ್ತು. ಇಲಿಗಳಲ್ಲಿ ಗಡ್ಡೆಯೇನೋ ಬೆಳೆಯಿತು, ಆದರೆ ಹರಡಲಿಲ್ಲ. ಕಾರಣ ಹುಡುಕಿದಾಗ ಸಿಕ್ಕ ಕಿಸ್1 ಇದ್ದದ್ದು 1ನೇ ಕ್ರೋಮೋಸೋಮಿನಲ್ಲಿ. 6ನೆಯದು ಅದನ್ನು ಎಬ್ಬಿಸುತ್ತಿತ್ತು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ತಿರುವು ಇದೇ.

ಮಳೆಗಾಲದಲ್ಲಿ ನಮ್ಮ ಕರೆಂಟು ನಂಬಿ ಪ್ರೊಜೆಕ್ಟರ್ ಇಡುವಂತಿಲ್ಲ. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಅಂಟಿಸಿ, ಉದ್ದನೆಯ ಪಟ್ಟಿ ಮಾಡಿಸಿದೆ. ಅದೇ ಕಿಸ್1 ಜೀನಿನಿಂದ ತಯಾರಾಗುವ ಪ್ರೋಟೀನು. ಸೆಂಟಿಮೀಟರಿಗೊಂದು ಚೌಕ, ಚೌಕಕ್ಕೊಂದು ಅಮೈನೋ ಆಮ್ಲ, ಒಟ್ಟು 145. ಮೊದಲ 19 ಚೌಕ ಕತ್ತರಿಸಿ ಪಕ್ಕಕ್ಕಿಟ್ಟೆವು. ಪ್ರೋಟೀನನ್ನು ಜೀವಕೋಶದಿಂದ ಹೊರಗೆ ಕಳಿಸುವ ಭಾಗ ಅದು. ಆಮೇಲೆ 68ರಿಂದ 121ರವರೆಗಿನ ತುಂಡು ತೆಗೆದೆವು. ಅದೇ ಕಿಸ್‌ಪೆಪ್ಟಿನ್-54, ಮೆಟಾಸ್ಟಿನ್ ಅಂತಲೂ ಹೇಳುತ್ತಾರೆ. ಅದರ ಕೊನೆಯ 10 ಚೌಕಕ್ಕೆ ಕೆಂಪು ಬಳಿಸಿದೆ. ಜೀವಕೋಶದ ಮೇಲೆ ಇದರ ಸಂದೇಶ ಹಿಡಿಯುವ ಜಿಪಿಆರ್54 ಎಂಬ ರಿಸೆಪ್ಟರನ್ನು ಚುರುಕು ಮಾಡಲು ಅಷ್ಟೇ ಸಾಕು.

"ಆ 19 ಸುಮ್ನೆ ದಂಡ ಅಲ್ವಾ ಮೇಡಂ?" ಎಂದನೊಬ್ಬ. ದಂಡವಲ್ಲ. 2007ರಲ್ಲಿ ಬಂದ ಸಂಶೋಧನೆಯಲ್ಲಿ ಆ ಭಾಗ ತೆಗೆದ ಕಿಸ್1 ಹರಡುವುದನ್ನು ತಡೆಯಲಿಲ್ಲ. ಪ್ರೋಟೀನ್ ಹೊರಗೆ ಬರಲೇಬೇಕು. ಹಾಗೆ ಬಂದಾಗ ಮೆಲನೋಮ ಜೀವಕೋಶಗಳು ಶ್ವಾಸಕೋಶ ತಲುಪಿದರೂ ಗಡ್ಡೆ ಕಟ್ಟದೆ ಹಾಗೇ ಉಳಿದವು. ತೋಟದ ಮಕ್ಕಳಿಗೆ ಬಂದಳಿಕೆ ನೆನಪಿಸಿದೆ. ಹಕ್ಕಿ ಬೀಜವನ್ನು ಕೊಂಬೆಗೆ ಅಂಟಿಸಿ ಹೋಗುತ್ತದೆ, ಅಂಟಿದ್ದೆಲ್ಲ ಬೇರು ಇಳಿಸುವುದಿಲ್ಲ. ತಟ್ಟನೆ ಹಿಡಿದುಕೊಂಡರು.

ಮತ್ತೆ ಬಂದದ್ದು ನಾನು ಕಾಯುತ್ತಿದ್ದ ಪ್ರಶ್ನೆ: ಇದನ್ನೇ ಔಷಧಿ ಮಾಡಿ ಕೊಡಬಹುದಲ್ಲ? ಅಷ್ಟು ಸಲೀಸಲ್ಲ ಎಂದೆ. ಇದೇ ಕಿಸ್‌ಪೆಪ್ಟಿನ್ ಮೆದುಳಿನಲ್ಲಿ ಪ್ರಾಯಕ್ಕೆ ಬರುವ ಹಾರ್ಮೋನುಗಳನ್ನು ಶುರು ಮಾಡುತ್ತದೆ. ಜಿಪಿಆರ್54 ಕೆಟ್ಟವರಲ್ಲಿ ಹರೆಯವೇ ಸರಿಯಾಗಿ ಬರುವುದಿಲ್ಲ ಎಂದು 2003ರಲ್ಲಿ ಗೊತ್ತಾಯಿತು. ಸಾಲದ್ದಕ್ಕೆ, ಲಿವರ್ ಕ್ಯಾನ್ಸರಿನ ಕೆಲವು ಅಧ್ಯಯನಗಳಲ್ಲಿ ಕಿಸ್1 ಜಾಸ್ತಿ ಇದ್ದವರ ಸ್ಥಿತಿಯೇ ಕೆಟ್ಟದಾಗಿತ್ತು.